300 ಕಿ.ಮೀ. ಹಾರಲು ಒಂದು ಗಂಟೆ ಯಾಕೆ?

ವಿಮಾನ ಹೊರಡುವ ಮುನ್ನ ಅದರ ದಾರಿ, ಇಂಧನ, ಸಮಯ ಇವುಗಳ ಲೆಕ್ಕ ಹಾಕುವುದು ನನ್ನ ಕೆಲಸ. ಪರಿಚಯದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: 'ಎರಡು ಊರಿನ ನಡುವೆ 300 ಕಿ.ಮೀ. ಅಂತ ಮೊಬೈಲ್ ತೋರಿಸುತ್ತದೆ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹಾರುತ್ತದೆ. ಟಿಕೆಟ್‌ನಲ್ಲಿ ಮಾತ್ರ ಒಂದು ಗಂಟೆ ಅಂತ ಯಾಕಿದೆ?' ಭಾಗಿಸಿ ನೋಡಿದರೆ 23 ನಿಮಿಷ ಸಾಕು, ಅಲ್ವಾ?

ಮೊಬೈಲ್ ತೋರಿಸುವುದು ಗುಂಡಗಿನ ಭೂಮಿಯ ಮೇಲೆ ಎಳೆದ ಅತಿ ಚಿಕ್ಕ ಗೆರೆ. ವಿಮಾನ ಆ ಗೆರೆಯ ಮೇಲೇ ಹೋಗುವುದಿಲ್ಲ. ಅದು ಗಾಳಿಗೆ ಎದುರಾಗಿ ಮೇಲೇರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಹೋಗಬೇಕಾದ ಊರು ಪೂರ್ವಕ್ಕಿದ್ದು ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ, ಮೊದಲು ಪಶ್ಚಿಮಕ್ಕೆ ಹಾರಿ ಆಮೇಲೆ ತಿರುಗಬೇಕು. ನಡುವೆ ಸೇನೆಯ ವಾಯುಪ್ರದೇಶ ಇದ್ದರೆ ಅದನ್ನೂ ಸುತ್ತಿಕೊಂಡು ಹೋಗಬೇಕು. ಹೀಗೆ 30 ಕಿ.ಮೀ. ಸೇರಿತು ಅಂದುಕೊಳ್ಳಿ. 5,000 ಕಿ.ಮೀ. ಪಯಣದಲ್ಲಿ ಅದು ಗೊತ್ತೇ ಆಗುವುದಿಲ್ಲ. ಇಲ್ಲಿ ಅದು ದಾರಿಯ ಹತ್ತರಲ್ಲೊಂದು ಪಾಲು.

ಇನ್ನು ಟಿಕೆಟ್‌ನ ಸಮಯ. ವಿಮಾನ ನಿಂತ ಜಾಗ ಬಿಟ್ಟಾಗ ಆ ಗಡಿಯಾರ ಶುರುವಾಗುತ್ತದೆ. ಇನ್ನೊಂದು ಕಡೆ ಬಂದು ನಿಂತಾಗ ಮುಗಿಯುತ್ತದೆ. ರನ್‌ವೇವರೆಗೆ ಹೋಗುವುದು, ಸರದಿಗೆ ಕಾಯುವುದು ಎಲ್ಲವೂ ಅದರಲ್ಲೇ ಸೇರುತ್ತವೆ.

ಮುಖ್ಯ ವಿಷಯ ಬೇರೆ. ಜೆಟ್‌ಗೆ ಆ 800ರ ವೇಗ ಸಿಗುವುದು ಸುಮಾರು 35,000 ಅಡಿ ಎತ್ತರದಲ್ಲಿ. ಅಲ್ಲಿಂದ ಇಳಿಯಲು ನಾವು ಬಳಸುವ ಲೆಕ್ಕ ಸುಲಭ: ಪ್ರತಿ 1,000 ಅಡಿಗೆ 3 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಅಂದರೆ 35,000 ಅಡಿಯಿಂದ ಇಳಿಯಲಿಕ್ಕೇ 195 ಕಿ.ಮೀ. ಬೇಕು. ಏರಲಿಕ್ಕೂ ಹೆಚ್ಚುಕಡಿಮೆ ಅಷ್ಟೇ ಬೇಕು. ಎರಡೂ ಸೇರಿದರೆ 300 ದಾಟಿಹೋಯಿತು! ಹಾಗಾಗಿ ಇಷ್ಟು ಹತ್ತಿರದ ಊರಿಗೆ ಜೆಟ್ ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ. ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ವೇಗದ ಮಿತಿಯೂ ಇರುತ್ತದೆ.

ಇದಕ್ಕೇ ಸಣ್ಣ ನಿಲ್ದಾಣಗಳ ನಡುವೆ ಎಟಿಆರ್ 72ರಂಥ ಪ್ರೊಪೆಲರ್ ವಿಮಾನ ಓಡಿಸುವುದು. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಫ್ಯಾನ್ ಕಂಡ ಕೂಡಲೇ ಹಳೇ ವಿಮಾನ ಅಂತ ಮುಖ ಸಿಂಡರಿಸುವವರನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಇಷ್ಟು ದೂರಕ್ಕೆ ಜೆಟ್ ಉಳಿಸುವುದು ಕೆಲವೇ ನಿಮಿಷ, ಸುಡುವ ಇಂಧನ ಮಾತ್ರ ಜಾಸ್ತಿ. ಈ ದಾರಿಗೆ ಪ್ರೊಪೆಲರ್ರೇ ಸರಿಯಾದ ಆಯ್ಕೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಧಾನದ ವಿಮಾನಕ್ಕೆ ಗಾಳಿಯ ಪೆಟ್ಟು ಹೆಚ್ಚು ಅನ್ನುವುದು ನಿಜ. 500ರ ವೇಗದಲ್ಲಿ ಗಾಳಿ ಇಲ್ಲದಿದ್ದರೆ 300 ಕಿ.ಮೀ.ಗೆ 36 ನಿಮಿಷ. ಎದುರಿನಿಂದ 50 ಕಿ.ಮೀ. ವೇಗದ ಗಾಳಿ ಬೀಸಿದರೆ 40 ನಿಮಿಷ, ಹಿಂದಿನಿಂದ ಬೀಸಿದರೆ ಸುಮಾರು 33. ಹೋಗುವಾಗ ಕಳೆದುಕೊಂಡದ್ದು 4 ನಿಮಿಷ, ಬರುವಾಗ ಸಿಕ್ಕಿದ್ದು 3. ಒಂದೇ ದಾರಿಯಲ್ಲಿ ಹೋಗುವ ಸಮಯವೂ ಬರುವ ಸಮಯವೂ ಟಿಕೆಟ್‌ನಲ್ಲಿ ಬೇರೆ ಬೇರೆ ಕಂಡರೆ, ಅದಕ್ಕೆ ಗಾಳಿಯೂ ಒಂದು ಕಾರಣ.