ಹರಾಜಿನ ಕೋಟಿ ಯಾರ ಜೇಬಿಗೆ?

ಪ್ರಶ್ನೆ: ಮಗಳು ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಓದುತ್ತಿದ್ದಾಳೆ. ಹರಾಜಿನಲ್ಲಿ ಚಿತ್ರಗಳಿಗೆ ನೂರು ಕೋಟಿ ಬರುವಾಗ ಗ್ಯಾಲರಿಯವರಿಗೆ ಅರ್ಧ ಯಾಕೆ ಕೊಡಬೇಕು? ನೇರ ಹರಾಜಿಗೇ ಇಟ್ಟರಾಗದೇ? (ಮಾಟುಂಗಾದಿಂದ ಒಬ್ಬರು)

ಬಂತಪ್ಪ, ಮತ್ತೆ ಅದೇ! ಹರಾಜಿನ ದುಡ್ಡು ಚಿತ್ರ ಬರೆದವರಿಗೆ ಹೋಗುವುದಿಲ್ಲ, ಮಾರುವವರಿಗೆ ಹೋಗುತ್ತದೆ. ಎಷ್ಟು ಸಲ ಹೇಳಿದರೂ ಪೇಪರಿನಲ್ಲಿ ಒಂದು ದಾಖಲೆ ಬೆಲೆ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕ್ರಿಸ್ಟೀಸ್ ಅನ್ನುವ ಹರಾಜು ಸಂಸ್ಥೆಯಲ್ಲಿ ಚಿತ್ರಕಾರ ಎಂ.ಎಫ್. ಹುಸೇನರ 'ಗ್ರಾಮ ಯಾತ್ರಾ' ಸುಮಾರು 118 ಕೋಟಿಗೆ ಹೋಯಿತಲ್ಲ, ಅದನ್ನು 1954ರಲ್ಲಿ ದೆಹಲಿಯಲ್ಲಿದ್ದ ಒಬ್ಬ ವೈದ್ಯರು ಕೊಂಡು ಆಮೇಲೆ ಓಸ್ಲೋದ ಆಸ್ಪತ್ರೆಗೆ ಬಿಟ್ಟುಕೊಟ್ಟಿದ್ದರು. ಈಗಿನ ದುಡ್ಡು ಅಲ್ಲಿನ ವೈದ್ಯರ ತರಬೇತಿಗೆ. ಹುಸೇನರು ತೀರಿಕೊಂಡಿದ್ದೇ 2011ರಲ್ಲಿ. ಹಾಗಂತ ಬದುಕಿರುವವರಿಗೂ ಜಾಸ್ತಿ ವ್ಯತ್ಯಾಸವಿಲ್ಲ. ಮರುಮಾರಾಟದಲ್ಲಿ ಕಲಾವಿದರಿಗೆ ಹತ್ತು ಪರ್ಸೆಂಟ್ ಮೀರದಂತೆ ಪಾಲು ಕೊಡಬೇಕು ಅಂತ ನಮ್ಮ ಕಾಪಿರೈಟ್ ಕಾಯಿದೆಯ 53ಎ ಕಲಮು ಹೇಳುತ್ತದೆ, ನಿಜ. ಕೇಳಿ ವಸೂಲು ಮಾಡಿದವರು ಯಾರಾದರೂ ಸಿಕ್ಕರೆ ನನಗೂ ತಿಳಿಸಿ.

ಹೊಸಬರ ಚಿತ್ರವನ್ನು ಹರಾಜಿನವರು ಸುಲಭಕ್ಕೆ ತೆಗೆದುಕೊಳ್ಳುವುದೂ ಇಲ್ಲ. ಇಟ್ಟು, ಯಾರೂ ಕೂಗದಿದ್ದರೆ ಅದು ಊರಿಗೆಲ್ಲ ಗೊತ್ತಾಗುತ್ತದೆ.

ಗ್ಯಾಲರಿಯವರು ಅರ್ಧ ತೆಗೆದುಕೊಳ್ಳುವುದು ಗೋಡೆಯ ಬಾಡಿಗೆಗಲ್ಲ. ಮೊದಲ ಬೆಲೆ ಕಟ್ಟುವವರು ಅವರೇ, ಪ್ರತಿ ಪ್ರದರ್ಶನಕ್ಕೂ ಸ್ವಲ್ಪ ಸ್ವಲ್ಪವೇ ಏರಿಸುವವರೂ ಅವರೇ. ಯಾರಿಗೆ ಕೊಡಬೇಕು ಅನ್ನುವುದಕ್ಕಿಂತ ಯಾರಿಗೆ ಕೊಡಬಾರದು ಅಂತ ಯೋಚಿಸುತ್ತಾರೆ. ಇವತ್ತು ಕೊಂಡು ನಾಳೆ ಹರಾಜಿಗೆ ಹಾಕುವ ಗಿರಾಕಿ ದುಡ್ಡು ಹಿಡಿದು ಬಾಗಿಲಲ್ಲಿ ನಿಂತರೂ 'ಎಲ್ಲ ಬುಕ್ ಆಗಿದೆ' ಅಂತಾರೆ, ಮ್ಯೂಸಿಯಂನವರು ಕೇಳಿದರೆ ಬೆಲೆ ಇಳಿಸಿ ಕೊಡುತ್ತಾರೆ. ತಮ್ಮ ಕಲಾವಿದರ ಚಿತ್ರ ಹರಾಜಿನಲ್ಲಿ ಅಗ್ಗಕ್ಕೆ ಬೀಳುತ್ತಿದ್ದರೆ ತಾವೇ ಕೂಗಿ ಎತ್ತುವುದೂ ಉಂಟು. ಮುಂಬಯಿಯಲ್ಲಿ ಇದನ್ನೆಲ್ಲ ಕಟ್ಟಿದವರಲ್ಲಿ ಕೇಕೂ ಗಾಂಧಿ ದೊಡ್ಡ ಹೆಸರು. ಫ್ರೇಮ್ ವ್ಯಾಪಾರದಿಂದ ಶುರು ಮಾಡಿ, 1963ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯ ಮಹಡಿಯಲ್ಲಿ ಕೆಮೋಲ್ಡ್ ಅನ್ನುವ ತಮ್ಮ ಗ್ಯಾಲರಿ ತೆರೆದರು.

ಜಹಾಂಗೀರ್ ಅಂದಾಗ ನೆನಪಾಯಿತು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ಪ್ರದರ್ಶನ ಮಾಡಿದರೆ ಚಿತ್ರ ಮಾರಿಕೊಡುವ ಡೀಲರ್ ಸಿಕ್ಕ ಹಾಗಲ್ಲ. 1952ರಲ್ಲಿ ಕವಾಸ್‌ಜಿ ಜಹಾಂಗೀರರ ದಾನದಿಂದ, ವಿಜ್ಞಾನಿ ಹೋಮಿ ಭಾಭಾ ಮತ್ತು ನಮ್ಮ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರು ಬೆನ್ನುಹತ್ತಿದ್ದರಿಂದ ಆದ ಜಾಗ ಅದು. ವಾರದ ಬಾಡಿಗೆ ಕಟ್ಟಬೇಕು, ಚಿತ್ರ ನೇತುಹಾಕಿ ಬೆಲೆಪಟ್ಟಿ ಹಿಡಿದು ತಾವೇ ಕೂರಬೇಕು. ಸರದಿ ಬರಲು ವರ್ಷಗಳೇ ಹಿಡಿಯುತ್ತವೆ, ಹಾಗಾಗಿ ಮಗಳಿಗೆ ಅರ್ಜಿ ಬೇಗ ಹಾಕಲು ಹೇಳಿ.