ಬಂಕ್ ಹುಡುಗನನ್ನು ಬೈದರೆ ಬೆಲೆ ಇಳಿಯುವುದಿಲ್ಲ

2024ರ ಜೂನ್ 16, ಭಾನುವಾರ ಬೆಳಗ್ಗೆ. ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಬಂಕ್‌ನಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸಲು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಮೊಪೆಡ್‌ನ ಎರಡೂ ಬದಿಗೆ ಸೊಪ್ಪಿನ ಬುಟ್ಟಿ ಕಟ್ಟಿಕೊಂಡಿದ್ದ ವ್ಯಾಪಾರಿಯೊಬ್ಬರಿದ್ದರು. ನೂರು ರೂಪಾಯಿ ನೋಟು ಕೊಟ್ಟು ಹಾಕಿಸಿದರು. ಮೀಟರ್ 0.97ಕ್ಕೆ ನಿಂತಿತು. ಅವರ ಮುಖ ಕೆಂಪಾಯಿತು. ‘ಏನಪ್ಪಾ, ಮೊನ್ನೆಯವರೆಗೆ ನೂರಕ್ಕೆ ಒಂದು ಲೀಟರ್ ಬರುತ್ತಿತ್ತು. ಮಿಷನ್‌ಗೆ ಏನು ಮಾಡಿದ್ದೀರಿ?’ ಎಂದರು. ಹುಡುಗ ಪೈಪನ್ನು ಕೊಕ್ಕೆಗೆ ಸಿಕ್ಕಿಸುತ್ತಾ, ‘ರೇಟು ಏರಿದೆ ಅಣ್ಣಾ, ನಾವು ಏರಿಸಿದ್ದಲ್ಲ’ ಎಂದ. ವ್ಯಾಪಾರಿ ಅದನ್ನು ನಂಬಿದಂತೆ ಕಾಣಲಿಲ್ಲ.

ಹುಡುಗ ಹೇಳಿದ್ದು ನಿಜ. ಹಿಂದಿನ ದಿನವಷ್ಟೇ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತ್ತು. ಒಂದು ದಿನದ ಹಿಂದೆ 99 ರೂಪಾಯಿ 84 ಪೈಸೆ ಇದ್ದ ಲೀಟರ್ ಪೆಟ್ರೋಲ್ 102 ರೂಪಾಯಿ ದಾಟಿತ್ತು. ಲೋಕಸಭಾ ಚುನಾವಣೆಯ ಫಲಿತಾಂಶ ಬಂದು ಆಗಿನ್ನೂ ಹನ್ನೊಂದೇ ದಿನವಾಗಿತ್ತು.

ನಾನು ತೆರಿಗೆ ಸಲಹೆಗಾರ. ಪೆಟ್ರೋಲ್ ಬಂಕ್‌ಗಳ ಮತ್ತು ಲಾರಿ ಮಾಲೀಕರ ಲೆಕ್ಕಪತ್ರ ನೋಡುವುದೇ ನನ್ನ ಕಸುಬಿನ ದೊಡ್ಡ ಪಾಲು. ‘ಪೆಟ್ರೋಲ್ ದುಬಾರಿಯಾಗಿದ್ದಕ್ಕೆ ಯಾರು ಕಾರಣ ಸಾರ್?’ ಎಂದು ಮದುವೆ ಮನೆಗಳಲ್ಲೂ ಜನ ಕೇಳುತ್ತಾರೆ. ಒಬ್ಬರು ಅರಬ್ ದೇಶಗಳೆನ್ನುತ್ತಾರೆ, ಮತ್ತೊಬ್ಬರು ಕೇಂದ್ರವೆನ್ನುತ್ತಾರೆ, ಮಗದೊಬ್ಬರು ರಾಜ್ಯವೆನ್ನುತ್ತಾರೆ. ತಮಗೆ ಬೇಡವಾದ ಪಕ್ಷದ ಹೆಸರು ಹೇಳಿ ಮಾತು ಮುಗಿಸುವವರೇ ಹೆಚ್ಚು. ನನ್ನ ಉತ್ತರ ಇನ್ವಾಯ್ಸ್‌ನಿಂದ ಶುರುವಾಗುತ್ತದೆ.

ಅಂದಿನ ದರವನ್ನೇ ಬಿಡಿಸಿ ನೋಡೋಣ. ತೈಲ ಕಂಪನಿ ಬಂಕ್ ಮಾಲೀಕರಿಗೆ ಹಾಕುತ್ತಿದ್ದ ಬೆಲೆ, ಸಾಗಣೆ ಸೇರಿ, ಲೀಟರಿಗೆ ಸುಮಾರು 55 ರೂಪಾಯಿ 60 ಪೈಸೆ. ಅದರ ಮೇಲೆ ಕೇಂದ್ರದ ಅಬಕಾರಿ ಸುಂಕ 19 ರೂಪಾಯಿ 90 ಪೈಸೆ. ಬಂಕ್ ಮಾಲೀಕರ ಕಮಿಷನ್ ಮೂರೂವರೆಯಿಂದ ನಾಲ್ಕು ರೂಪಾಯಿಯೊಳಗೆ. ಇವೆಲ್ಲದರ ಮೊತ್ತದ ಮೇಲೆ ರಾಜ್ಯದ ಮಾರಾಟ ತೆರಿಗೆ, ಅಂದರೆ ಸುಮಾರು ಇಪ್ಪತ್ತಮೂರೂವರೆ ರೂಪಾಯಿ. ಎರಡೂ ಸರ್ಕಾರಗಳದ್ದು ಸೇರಿದರೆ ನಲವತ್ತಮೂರು ರೂಪಾಯಿಗೂ ಹೆಚ್ಚು. ಸೊಪ್ಪಿನ ವ್ಯಾಪಾರಿಯ ನೂರು ರೂಪಾಯಿಯಲ್ಲಿ ಎಣ್ಣೆಗೆ ಹೋದದ್ದು ಐವತ್ತನಾಲ್ಕು ರೂಪಾಯಿ, ಬಂಕಿಗೆ ಮೂರೂವರೆಯಷ್ಟು, ಉಳಿದದ್ದೆಲ್ಲ ತೆರಿಗೆ.

ಇಲ್ಲಿ ಒಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ರಾಜ್ಯದ ತೆರಿಗೆ ಶೇಕಡಾವಾರು, ಅದೂ ಕೇಂದ್ರದ ಸುಂಕ ಸೇರಿಕೊಂಡ ಬೆಲೆಯ ಮೇಲೆ. ಆ 19 ರೂಪಾಯಿ 90 ಪೈಸೆಯ ಸುಂಕದ ಮೇಲೆಯೇ ಕರ್ನಾಟಕಕ್ಕೆ ಸುಮಾರು ಆರು ರೂಪಾಯಿ ಬರುತ್ತಿತ್ತು. ತೆರಿಗೆಯ ಮೇಲೆ ತೆರಿಗೆ ಎಂದರೆ ಇದೇ. ಕೇಂದ್ರ ಸುಂಕ ಏರಿಸಿದಾಗ ರಾಜ್ಯದ ಆದಾಯ ತಾನಾಗಿಯೇ ಏರುತ್ತದೆ. ದೆಹಲಿಯ ವಿರುದ್ಧ ಪ್ರತಿಭಟನೆ ಮಾಡುವ ರಾಜ್ಯಗಳ ಖಜಾನೆಗೆ ಅದೇ ಏರಿಕೆಯಿಂದ ಹಣ ಬರುತ್ತಿರುತ್ತದೆ. ಯಾವ ಪಕ್ಷದ ಸರ್ಕಾರವಿದ್ದರೂ ಈ ಲೆಕ್ಕ ಬದಲಾಗಿಲ್ಲ.

ಹಾಗಾದರೆ ಕಚ್ಚಾ ತೈಲದ ತಪ್ಪೇ ಇಲ್ಲವೇ? ಇದೆ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದಲೇ ಬರಬೇಕು, ಡಾಲರ್ ಕೊಟ್ಟೇ ಕೊಳ್ಳಬೇಕು. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದ ಬಿಸಿಗೆ, ಅಂತರರಾಷ್ಟ್ರೀಯ ಮಾರುಕಟ್ಟೆ ಅಳತೆಗೋಲಾಗಿ ಬಳಸುವ ಬ್ರೆಂಟ್ ತೈಲ ಬ್ಯಾರೆಲ್‌ಗೆ 139 ಡಾಲರ್ ಮುಟ್ಟಿ ಬಂದಾಗ ಇಲ್ಲಿ ಬೆಲೆ ಏರದಿರಲು ಸಾಧ್ಯವೇ ಇರಲಿಲ್ಲ. ರೂಪಾಯಿಯ ಕುಸಿತವೂ ಸೇರಿಕೊಳ್ಳುತ್ತದೆ. 2008ರ ಜುಲೈನಲ್ಲಿ ತೈಲ 147 ಡಾಲರ್‌ಗೆ ಏರಿದ್ದಾಗ ಒಂದು ಡಾಲರ್‌ಗೆ 43 ರೂಪಾಯಿ ಆಸುಪಾಸು ಇತ್ತು. 2022ರಲ್ಲಿ ಎಂಬತ್ತರ ಹತ್ತಿರ ಬಂತು. ಇದು ಯಾವ ಸರ್ಕಾರದ ಕೈಯಲ್ಲೂ ಪೂರ್ತಿಯಾಗಿ ಇಲ್ಲದ ಸಂಗತಿ, ಅದಕ್ಕೆ ಯಾರನ್ನೂ ದೂರುವುದಿಲ್ಲ.

ನಾನು ದೂರುವುದು ತೈಲ ಇಳಿದ ದಿನಗಳ ಬಗ್ಗೆ.

2014ರ ಮೇ ತಿಂಗಳಲ್ಲಿ ಭಾರತ ಕೊಳ್ಳುವ ತೈಲದ ಸರಾಸರಿ ಬೆಲೆ ಬ್ಯಾರೆಲ್‌ಗೆ 107 ಡಾಲರ್ ಆಸುಪಾಸಿನಲ್ಲಿತ್ತು. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಅಂದಿನ ರೂಪಾಯಿ ಲೆಕ್ಕದಲ್ಲಿ ಕಚ್ಚಾ ತೈಲ ಲೀಟರಿಗೆ ಸುಮಾರು ನಲವತ್ತು ರೂಪಾಯಿ ಬೀಳುತ್ತಿತ್ತು. ದೆಹಲಿಯಲ್ಲಿ ಪೆಟ್ರೋಲ್ 71 ರೂಪಾಯಿ ಇತ್ತು. 2016ರ ಜನವರಿಗೆ ತೈಲ 28 ಡಾಲರ್‌ಗೆ ಕುಸಿಯಿತು. ಲೀಟರಿಗೆ ಹನ್ನೆರಡು ರೂಪಾಯಿಯೂ ಇಲ್ಲ. ಕಚ್ಚಾ ತೈಲದಲ್ಲಿ ಇಪ್ಪತ್ತೆಂಟು ರೂಪಾಯಿ ಇಳಿದಿತ್ತು, ಆದರೆ ದೆಹಲಿಯ ಪೆಟ್ರೋಲ್ ಇಳಿದದ್ದು ಹನ್ನೊಂದು–ಹನ್ನೆರಡು ರೂಪಾಯಿ ಮಾತ್ರ. ಆ ಅವಧಿಯಲ್ಲಿ ಕೇಂದ್ರ ಒಂಬತ್ತು ಬಾರಿ ಅಬಕಾರಿ ಸುಂಕ ಏರಿಸಿ, ಪೆಟ್ರೋಲ್ ಮೇಲೆ 9 ರೂಪಾಯಿ 48 ಪೈಸೆ ಇದ್ದದ್ದನ್ನು 21 ರೂಪಾಯಿ 48 ಪೈಸೆಗೆ ತಂದಿತ್ತು. ಡೀಸೆಲ್ ಮೇಲಿನದು 3 ರೂಪಾಯಿ 56 ಪೈಸೆಯಿಂದ 17 ರೂಪಾಯಿ 33 ಪೈಸೆಗೆ ಏರಿತು. ಜನರ ಜೇಬಿಗೆ ಬರಬೇಕಿದ್ದ ಇಳಿಕೆ ಖಜಾನೆಗೆ ಹೋಯಿತು.

ಕೊರೊನಾ ಕಾಲದಲ್ಲಿ ಮತ್ತೆ ಇದೇ ನಡೆಯಿತು. 2020ರ ಏಪ್ರಿಲ್‌ನಲ್ಲಿ ಭಾರತದ ತೈಲದ ಸರಾಸರಿ ಬೆಲೆ 20 ಡಾಲರ್‌ಗೆ ಇಳಿಯಿತು. ಕಚ್ಚಾ ತೈಲ ಲೀಟರಿಗೆ ಹತ್ತು ರೂಪಾಯಿಗಿಂತ ಕಡಿಮೆ, ಬಾಟಲಿ ನೀರಿಗಿಂತ ಅಗ್ಗ! ಮೇ ಮೊದಲ ವಾರದಲ್ಲಿ ಕೇಂದ್ರ ಒಂದೇ ಏಟಿಗೆ ಪೆಟ್ರೋಲ್ ಮೇಲೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಹೇರಿತು. ಅದೇ ವರ್ಷದ ಬಜೆಟ್‌ನಲ್ಲಿ ನಮ್ಮ ರಾಜ್ಯವೂ ಪೆಟ್ರೋಲ್ ತೆರಿಗೆಯನ್ನು ಶೇ 32ರಿಂದ 35ಕ್ಕೆ, ಡೀಸೆಲ್ ತೆರಿಗೆಯನ್ನು ಶೇ 21ರಿಂದ 24ಕ್ಕೆ ಏರಿಸಿತ್ತು. ಕೆಲಸ ಕಳೆದುಕೊಂಡು ಜನ ಊರಿಗೆ ನಡೆದು ಹೋಗುತ್ತಿದ್ದ ದಿನಗಳವು. ಆ ಆರ್ಥಿಕ ವರ್ಷದಲ್ಲಿ ಪೆಟ್ರೋಲಿಯಂ ಉತ್ಪನ್ನಗಳಿಂದ ಕೇಂದ್ರಕ್ಕೆ ಬಂದ ಅಬಕಾರಿ ಸುಂಕ ಸುಮಾರು 3.7 ಲಕ್ಷ ಕೋಟಿ ರೂಪಾಯಿ. 2014–15ರಲ್ಲಿ ಅದು ಒಂದು ಲಕ್ಷ ಕೋಟಿಯನ್ನೂ ಮುಟ್ಟಿರಲಿಲ್ಲ. ಲಾಕ್‌ಡೌನ್‌ನಿಂದ ಬಳಕೆ ಕುಸಿದಿದ್ದ ವರ್ಷದಲ್ಲಿ ಇಷ್ಟು ಆದಾಯ ಬಂದಿತು ಎಂಬುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

‘ಹಿಂದಿನವರು ಮಾಡಿಟ್ಟ ತೈಲ ಬಾಂಡ್ ಸಾಲ ತೀರಿಸಬೇಕಲ್ಲ’ ಎಂಬ ಸಮರ್ಥನೆ ಆಗಾಗ ಕೇಳಿಬರುತ್ತದೆ. ಆ ಬಾಂಡ್‌ಗಳು ಸುಳ್ಳಲ್ಲ. ನಿಜವಾದ ಬೆಲೆಯನ್ನು ಜನರಿಂದ ಮರೆಮಾಡಿ, ತೈಲ ಕಂಪನಿಗಳಿಗೆ ನಗದಿನ ಬದಲು ಸಾಲಪತ್ರ ಕೊಟ್ಟ ಯುಪಿಎ ಸರ್ಕಾರದ ಆ ನಡೆ ತಪ್ಪೇ. ಆದರೆ ಬಾಕಿ ಅಸಲು ಒಟ್ಟು 1.3 ಲಕ್ಷ ಕೋಟಿ, ವರ್ಷದ ಬಡ್ಡಿ ಹತ್ತು ಸಾವಿರ ಕೋಟಿ ಆಸುಪಾಸು. ಒಂದೇ ವರ್ಷದಲ್ಲಿ 3.7 ಲಕ್ಷ ಕೋಟಿ ಸುಂಕ ಸಂಗ್ರಹಿಸಿದ್ದಕ್ಕೆ ಇದು ಕಾರಣವಾಗಲಾರದು. ಕೂಡಿ ಕಳೆಯಲು ಬರುವ ಯಾರಿಗಾದರೂ ಇದು ತಿಳಿಯುತ್ತದೆ.

ಇನ್ನು ರಾಜ್ಯಗಳ ಪಾಡು. ಅವುಗಳ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಕೇಂದ್ರ ವಸೂಲು ಮಾಡುವ ಸುಂಕದಲ್ಲಿ ‘ಮೂಲ ಅಬಕಾರಿ ಸುಂಕ’ ಎಂಬ ಭಾಗ ಮಾತ್ರ ರಾಜ್ಯಗಳೊಂದಿಗೆ ಹಂಚಿಕೆಯಾಗುತ್ತದೆ. ಸೆಸ್ ಮತ್ತು ಹೆಚ್ಚುವರಿ ಸುಂಕದಲ್ಲಿ ಪಾಲಿಲ್ಲ. 2021ರ ಫೆಬ್ರವರಿಯಿಂದ ಪೆಟ್ರೋಲ್ ಮೇಲಿದ್ದ 32 ರೂಪಾಯಿ 90 ಪೈಸೆಯಲ್ಲಿ ಮೂಲ ಸುಂಕ ಬರೀ 1 ರೂಪಾಯಿ 40 ಪೈಸೆ. ಅದರ ಶೇ 41, ಅಂದರೆ ಐವತ್ತೇಳು ಪೈಸೆ, ಎಲ್ಲ ರಾಜ್ಯಗಳೂ ಸೇರಿ ಹಂಚಿಕೊಳ್ಳಬೇಕು. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಕೈಯಲ್ಲಿ ತಾವೇ ದರ ನಿಗದಿ ಮಾಡಬಹುದಾದ ತೆರಿಗೆಗಳೂ ಬೆರಳೆಣಿಕೆಯಷ್ಟೇ ಉಳಿದಿವೆ: ಮದ್ಯ, ಮುದ್ರಾಂಕ, ವಾಹನ, ಪೆಟ್ರೋಲ್–ಡೀಸೆಲ್. ಹಣ ಬೇಕಾದಾಗ ಅವು ಬಂಕ್ ಕಡೆಗೇ ನೋಡುತ್ತವೆ. ನಮ್ಮ ರಾಜ್ಯ 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆಯನ್ನು ಮತ್ತೆ ಏರಿಸಿ ಶೇ 21.17ಕ್ಕೆ ತಂದಿತು. ಅದಾದ ವಾರದಲ್ಲೇ, ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ತೈಲ ಕುಸಿದ ಹೊತ್ತಿಗೆ ಸರಿಯಾಗಿ, ಕೇಂದ್ರವೂ ಲೀಟರಿಗೆ ಎರಡು ರೂಪಾಯಿ ಸುಂಕ ಏರಿಸಿತು. ಚಿಲ್ಲರೆ ಬೆಲೆ ಬದಲಾಗುವುದಿಲ್ಲ ಎಂಬ ಭರವಸೆ ಬಂತು. ಬದಲಾಗಲಿಲ್ಲ, ನಿಜ. ಇಳಿಯಬೇಕಿದ್ದ ಬೆಲೆ ಇಳಿಯಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಪೆಟ್ರೋಲ್ ಬೆಲೆಯನ್ನು ಸರ್ಕಾರದ ಹಿಡಿತದಿಂದ ಬಿಟ್ಟದ್ದು 2010ರ ಜೂನ್‌ನಲ್ಲಿ, ಡೀಸೆಲ್ ಬೆಲೆಯನ್ನು 2014ರ ಅಕ್ಟೋಬರ್‌ನಲ್ಲಿ. 2017ರ ಜೂನ್ 16ರಿಂದ ದಿನವೂ ಬೆಳಗ್ಗೆ ಆರು ಗಂಟೆಗೆ ಹೊಸ ದರ ಎಂದಾಯಿತು. ಕಾಗದದ ಮೇಲೆ ಇದು ಮಾರುಕಟ್ಟೆಯ ಬೆಲೆ. ಆದರೆ 2018ರಲ್ಲಿ ನಮ್ಮ ವಿಧಾನಸಭಾ ಚುನಾವಣೆಗೆ ಮುನ್ನ, ಏಪ್ರಿಲ್ 24ರಿಂದ ಮತದಾನ ಮುಗಿಯುವವರೆಗೆ ದರ ಅಲುಗಾಡಲಿಲ್ಲ. ಮತದಾನ ಮುಗಿದದ್ದೇ ತಡ, ದಿನವೂ ಏರತೊಡಗಿತು. ಉತ್ತರ ಪ್ರದೇಶವೂ ಸೇರಿ ಐದು ರಾಜ್ಯಗಳ ಚುನಾವಣೆಯ ಹೊತ್ತಿನಲ್ಲಿ 137 ದಿನ ದರ ನಿಂತೇ ಇತ್ತು. 2022ರ ಮಾರ್ಚ್ 22ರಿಂದ ಹದಿನಾರು ದಿನಗಳಲ್ಲಿ ಹತ್ತು ರೂಪಾಯಿ ಏರಿತು. ಇದು ಕಾಕತಾಳೀಯವೆಂದು ನಾನು ಒಪ್ಪುವುದಿಲ್ಲ. ಮಾರುಕಟ್ಟೆಗೆ ಮತದಾನದ ದಿನಾಂಕ ಗೊತ್ತಿರುವುದಿಲ್ಲ.

ಸರ್ಕಾರಿ ತೈಲ ಕಂಪನಿಗಳನ್ನೂ ಹಾಗೆಯೇ ಬಿಡಲಾಗದು. 2022ರಲ್ಲಿ ಅವು ನಷ್ಟದಲ್ಲಿ ಮಾರಿದವು, ಅದು ಸತ್ಯ. ಆದರೆ ಮರುವರ್ಷ ತೈಲ ಅಗ್ಗವಾಯಿತು, ರಷ್ಯಾದಿಂದ ರಿಯಾಯಿತಿ ದರದ ತೈಲ ಧಾರಾಳವಾಗಿ ಬಂತು. 2023–24ರಲ್ಲಿ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂ ಸೇರಿ ಗಳಿಸಿದ ಲಾಭ ಸುಮಾರು 81 ಸಾವಿರ ಕೋಟಿ. ಗ್ರಾಹಕರಿಗೆ ಸಿಕ್ಕಿದ್ದು ಲೀಟರಿಗೆ ಎರಡು ರೂಪಾಯಿ ಇಳಿಕೆ, ಅದೂ 2024ರ ಮಾರ್ಚ್ 15ರಂದು, ಲೋಕಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟವಾಗುವ ಹಿಂದಿನ ದಿನ.

ಬಂಕ್ ಮಾಲೀಕರ ವಿಷಯ ಹೇಳುವಾಗ ನನ್ನ ಕಣ್ಣಮುಂದೆ ಬರುವುದು 2021ರ ದೀಪಾವಳಿ. ಕೇಂದ್ರ ಸುಂಕ ಇಳಿಸಿತು, ಬೆನ್ನಲ್ಲೇ ರಾಜ್ಯವೂ ಏಳು ರೂಪಾಯಿ ಇಳಿಸಿತು. ಎರಡೇ ದಿನಗಳಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ಹದಿಮೂರು ರೂಪಾಯಿ, ಡೀಸೆಲ್ ಸುಮಾರು ಹತ್ತೊಂಬತ್ತು ರೂಪಾಯಿ ಅಗ್ಗವಾಯಿತು. ಊರೆಲ್ಲ ಸಂತೋಷಪಟ್ಟಿತು. ನನ್ನ ಕಕ್ಷಿದಾರರೊಬ್ಬರು ಹಬ್ಬಕ್ಕೆ ಟ್ಯಾಂಕರ್ ಸಿಗುವುದಿಲ್ಲವೆಂದು ಮುಂಚಿತವಾಗಿ ಲೋಡ್ ಇಳಿಸಿಕೊಂಡಿದ್ದರು. ನಾನು ಹೋದಾಗ ಅವರು ಎಣ್ಣೆಯ ಮಟ್ಟ ಅಳೆಯುವ ಡಿಪ್ ರಾಡ್ ಅನ್ನು ನೆಲದೊಳಗಿನ ಟ್ಯಾಂಕಿಗೆ ಇಳಿಸಿ, ಎತ್ತಿ, ಒದ್ದೆಯಾದ ಗುರುತನ್ನು ಬೆರಳಿನಲ್ಲಿ ಮುಟ್ಟಿ ನೋಡುತ್ತಿದ್ದರು. ಡೀಸೆಲ್ ಹನ್ನೊಂದು ಸಾವಿರ ಲೀಟರ್, ಪೆಟ್ರೋಲ್ ಆರು ಸಾವಿರ. ಎಲ್ಲವೂ ಹಳೆಯ ದರಕ್ಕೆ ಮುಂಗಡ ಹಣ ಕಟ್ಟಿ ತಂದದ್ದು. ನಷ್ಟ ಮೂರು ಲಕ್ಷದ ಹತ್ತಿರ. ಅಷ್ಟು ಸರಕಿನ ಮೇಲೆ ಸಿಗಬೇಕಿದ್ದ ಕಮಿಷನ್ ಐವತ್ತು ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ಬೆಲೆ ಏರುವ ದಿನ ಇದೇ ಸರಕಿನ ಮೇಲೆ ಲಾಭವೂ ಆಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಏರಿಕೆ ಸಾಮಾನ್ಯವಾಗಿ ಪೈಸೆಗಳಲ್ಲಿ ಬರುತ್ತದೆ, ಇಳಿಕೆ ಒಂದೇ ರಾತ್ರಿಯಲ್ಲಿ ಬರುತ್ತದೆ. ಅಳತೆಯಲ್ಲಿ ಅನುಮಾನವಿದ್ದರೆ ಬಂಕ್‌ನಲ್ಲಿರುವ ಐದು ಲೀಟರ್ ಅಳತೆ ಪಾತ್ರೆ ತರಿಸಿ ಪರೀಕ್ಷಿಸಿ, ಅದು ನಿಮ್ಮ ಹಕ್ಕು. ಬೆಲೆಯ ವಿಷಯದಲ್ಲಿ ಮಾತ್ರ ಅವರ ಕೈಯಲ್ಲಿ ಏನೂ ಇಲ್ಲ.

ಜಿಎಸ್‌ಟಿಗೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆಯೇ ಎಂದು ಕೇಳುವವರಿಗೆ ಒಂದು ಲೆಕ್ಕ. 2024ರ ಆ ಜೂನ್ ದರದಲ್ಲಿ ಎರಡೂ ತೆರಿಗೆ ತೆಗೆದು, ಉಳಿದ ಎಣ್ಣೆಯ ಬೆಲೆ ಮತ್ತು ಕಮಿಷನ್‌ಗೆ ಈಗಿರುವ ಅತಿ ಹೆಚ್ಚಿನ ಶೇ 40ರ ಜಿಎಸ್‌ಟಿ ಹಾಕಿದರೂ ಪೆಟ್ರೋಲ್ ಲೀಟರಿಗೆ 83 ರೂಪಾಯಿ ಆಗುತ್ತಿತ್ತು. ಉಳಿದ ಇಪ್ಪತ್ತು ರೂಪಾಯಿ ಎರಡೂ ಸರ್ಕಾರಗಳ ನಷ್ಟ. 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ‘ಇದು ಸಮಯವಲ್ಲ’ ಎಂದು ಕೈಬಿಟ್ಟದ್ದು ಈ ಲೆಕ್ಕ ನೋಡಿಯೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಜಿಎಸ್‌ಟಿಯಿಂದ ಹೊರಗಿಟ್ಟಿರುವುದರ ಪೆಟ್ಟು ಡೀಸೆಲ್‌ನಲ್ಲಿ ಇನ್ನೂ ಹೆಚ್ಚು. ಲಾರಿ ಮಾಲೀಕರು ಟೈರ್ ಮೇಲೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಪಡೆಯುವ, ಅಂದರೆ ಅದನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ದಾರಿಯಾದರೂ ಇದೆ. ಡೀಸೆಲ್ ಮೇಲೆ ಕಟ್ಟಿದ ತೆರಿಗೆಗೆ ಅದೂ ಇಲ್ಲ. ಅದು ಬಾಡಿಗೆಗೆ ಸೇರುತ್ತದೆ, ಬಾಡಿಗೆ ಈರುಳ್ಳಿಗೆ ಸೇರುತ್ತದೆ. 2025ರ ಏಪ್ರಿಲ್‌ನಲ್ಲಿ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಡೀಸೆಲ್ ಮೊದಲಿಗೆ ಬಂದದ್ದು ಇದಕ್ಕೇ.

ಸರ್ಕಾರ ನಡೆಸಲು ಹಣ ಬೇಕು, ರಸ್ತೆಗೆ, ಆಸ್ಪತ್ರೆಗೆ, ಶಾಲೆಗೆ ಬೇಕು. ತೆರಿಗೆಯೇ ಬೇಡವೆಂದು ತೆರಿಗೆ ಸಲಹೆಗಾರನಾದ ನಾನು ಹೇಳಲಾರೆ. ಆದರೆ ಆದಾಯ ತೆರಿಗೆ ಏರಿಸುವಾಗ ಸಂಸತ್ತಿನಲ್ಲಿ ಚರ್ಚೆಯಾಗುತ್ತದೆ, ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ. ಪೆಟ್ರೋಲ್ ಸುಂಕ ರಾತ್ರಿ ಹೊರಡುವ ಒಂದು ಅಧಿಸೂಚನೆಯಲ್ಲಿ ಏರುತ್ತದೆ, ಮೊಪೆಡ್‌ನ ವ್ಯಾಪಾರಿಯೂ ದೊಡ್ಡ ಕಾರಿನ ಮಾಲೀಕರೂ ಲೀಟರಿಗೆ ಒಂದೇ ಮೊತ್ತ ಕಟ್ಟುತ್ತಾರೆ. ವ್ಯಾಪಾರಿಗೆ ತಾನು ತೆರಿಗೆ ಕಟ್ಟುತ್ತಿದ್ದೇನೆ ಎಂಬುದೂ ತಿಳಿದಿರುವುದಿಲ್ಲ.

ಹಾಗಾಗಿ ನನ್ನದು ಒಂದು ಸಣ್ಣ ಬೇಡಿಕೆ. ಹೋಟೆಲಿನಲ್ಲಿ ಇಡ್ಲಿ–ವಡೆ ತಿಂದರೆ ಬಿಲ್ಲಿನಲ್ಲಿ ಕೇಂದ್ರದ ಜಿಎಸ್‌ಟಿ ಎಷ್ಟು, ರಾಜ್ಯದ್ದೆಷ್ಟು ಎಂದು ಪೈಸೆಯವರೆಗೆ ಅಚ್ಚಾಗಿರುತ್ತದೆ. ಬಂಕ್‌ನ ರಸೀದಿಯಲ್ಲಿ ಲೀಟರ್, ದರ, ಮೊತ್ತ, ಅಷ್ಟೇ. ಅದೇ ಯಂತ್ರ, ಅದೇ ಕಾಗದದ ಸುರುಳಿಯ ಮೇಲೆ ನಾಲ್ಕು ಸಾಲು ಹೆಚ್ಚು ಮುದ್ರಿಸಲಿ: ಎಣ್ಣೆಯ ಬೆಲೆ, ಕೇಂದ್ರದ ಸುಂಕ, ರಾಜ್ಯದ ತೆರಿಗೆ, ಬಂಕ್‌ನ ಕಮಿಷನ್. ನೂರು ರೂಪಾಯಿಗೆ ಹಾಕಿಸಿದವರಿಗೂ ಆ ಚೀಟಿ ಕೇಳದೆಯೇ ಸಿಗಲಿ, ಕನ್ನಡದಲ್ಲಿ ಸಿಗಲಿ.