ರಕೂನ್ ಕುಲದ ಜಗಳ ಕಿವಿಯೊಳಗಿನ ಕುಳಿಯಲ್ಲಿ

ರಕೂನಿನ ತಲೆಬುರುಡೆಯನ್ನು ಅಂಗಾತ ತಿರುಗಿಸಿದರೆ, ಕೆಳದವಡೆ ಕೂರುವ ಕೀಲಿನ ಹಿಂದೆಯೇ ಹೊರಕಿವಿಯ ನಾಳ ಸಿಗುತ್ತದೆ. ಆ ನಾಳದ ಚಾವಣಿಯಲ್ಲಿ, ಮೂಳೆಯನ್ನು ಕೊರೆದಂತೆ ಒಂದು ಪುಟ್ಟ ಕುಳಿ ಇದೆ. ಇಂದು ಅಮೆರಿಕ ಖಂಡಗಳಲ್ಲಿ ಸಹಜವಾಗಿ ಬದುಕುವ ರಕೂನ್, ಕೋವಾಟಿ, ಕಿಂಕಜೂಗಳಿರುವ ಪ್ರೊಸಯೋನಿಡೇ ಕುಟುಂಬ ಎಲ್ಲಿ ಹುಟ್ಟಿತೆಂಬ ವಾದದಲ್ಲಿ ಈ ಕುಳಿಯೇ ಮುಖ್ಯ ಸಾಕ್ಷಿ.

ಹಲ್ಲು ನೋಡಿ ಹೇಳಬಾರದೇ? ಹಲ್ಲು ಊಟದ ಮಾತು ಕೇಳುತ್ತದೆ, ವಂಶದ ಮಾತನ್ನಲ್ಲ. ಬೆಕ್ಕಿನಲ್ಲಿ ಮೇಲಿನ ಕೊನೆಯ ಮುಂದವಡೆ ಹಲ್ಲೂ ಕೆಳಗಿನ ಮೊದಲ ದವಡೆ ಹಲ್ಲೂ ಕತ್ತರಿಯಂತೆ ಕೂಡಿ ಮಾಂಸ ಸೀಳುತ್ತವೆ. ಹಣ್ಣು, ಏಡಿ, ಹುಳ ಎಲ್ಲವನ್ನೂ ತಿನ್ನುವ ರಕೂನಿನ 40 ಹಲ್ಲುಗಳಲ್ಲಿ ಅದೇ ಜೋಡಿ ಮೊಂಡಾಗಿ, ಅರೆಯುವ ಕೆಲಸಕ್ಕೆ ಇಳಿದಿದೆ. ಬೇರೆ ವಂಶದ ಪ್ರಾಣಿ ಹಣ್ಣಿಗೆ ಒಗ್ಗಿಕೊಂಡರೂ ಹಲ್ಲು ಹೀಗೇ ಆಗುತ್ತದೆ. ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳನ್ನು ಅಧ್ಯಯನ ಮಾಡಿದ ಗೈ ಪಿಲ್‌ಗ್ರಿಮ್ 1930ರ ದಶಕದಲ್ಲಿ ಒಂದು ಪಳೆಯುಳಿಕೆ ಪ್ರಾಣಿಗೆ 'ಶಿವನಾಸುವಾ' ಎಂದು ಹೆಸರಿಟ್ಟರು. ನಾಸುವಾ ಎಂದರೆ ಕೋವಾಟಿ. ಆ ಪ್ರಾಣಿಯನ್ನು ಈಗ ಬೆಕ್ಕಿನ ಕಡೆಯ ಬಳಗಕ್ಕೆ ಸೇರಿಸಿದ್ದಾರೆ. ಶಿವ ಉಳಿದ, ಕೋವಾಟಿ ಹೋಯಿತು.

ಕಿವಿಯತ್ತ ಗಮನ ಸೆಳೆದದ್ದು 1869ರಲ್ಲಿ ಇಂಗ್ಲೆಂಡಿನ ಅಂಗರಚನಾ ತಜ್ಞ ವಿಲಿಯಂ ಫ್ಲವರ್. ಕಿವಿಯ ಕೆಳಗಿನ ಮೂಳೆಗುಳ್ಳೆಯೊಳಗೆ ಬೆಕ್ಕು, ಪುನುಗುಬೆಕ್ಕುಗಳಿಗೆ ಅಡ್ಡಗೋಡೆಯಿದೆ. ಕರಡಿ, ರಕೂನ್, ನೀರುನಾಯಿಗಳಿಗೆ ಇಲ್ಲ. ಬಾಲದ ಪಟ್ಟೆ ನೋಡಿ ನಮ್ಮ ಪುನುಗುಬೆಕ್ಕೇ ರಕೂನಿನ ನೆಂಟ ಎಂದುಕೊಂಡರೆ ಮೋಸ ಹೋದಂತೆ. ಹತ್ತಿರದ ನೆಂಟ ಕಾವೇರಿಯ ನೀರುನಾಯಿ.

ಕರಡಿ ಕಡೆಯ ಬಳಗದೊಳಗೆ ಮತ್ತೆ ಕವಲು ಬಿಡಿಸಬೇಕಾದಾಗ ಚಾವಣಿಯ ಕುಳಿ ಮುನ್ನೆಲೆಗೆ ಬಂತು. 1981ರಲ್ಲಿ ಪಳೆಯುಳಿಕೆ ತಜ್ಞ ಶ್ಮಿಟ್-ಕಿಟ್ಲರ್ ಅದಕ್ಕೆ ಹೆಚ್ಚು ತೂಕ ಕೊಟ್ಟರು. 1996ರಲ್ಲಿ ವೋಲ್ಸನ್ ಮತ್ತು ಲಾಂಜ್-ಬಾದ್ರೆ, ದಕ್ಷಿಣ ಫ್ರಾನ್ಸಿನ ಕೆರ್ಸಿಯ ಒಂದು ಬುರುಡೆಯನ್ನು ವಿವರಿಸಿ, ಸ್ಯೂಡೊಬಸಾರಿಸ್ ಎಂಬ ಆ ಪ್ರಾಣಿಯನ್ನು ರಕೂನ್ ಕುಟುಂಬದ ಬುಡದಲ್ಲಿಟ್ಟರು. ಅದರ ಕಾಲ ಒಲಿಗೋಸಿನ್, ಅಂದರೆ 3.4 ಕೋಟಿಯಿಂದ 2.3 ಕೋಟಿ ವರ್ಷಗಳ ಹಿಂದಿನ ಯುಗ.

ಕೆರ್ಸಿಯ ತೊಡಕು ಬೇರೆಯೇ. 1870ರ ದಶಕದಲ್ಲಿ ಅಲ್ಲಿ ಅಗೆದದ್ದು ಗೊಬ್ಬರದ ಫಾಸ್ಫೇಟ್‌ಗಾಗಿ. ಸುಣ್ಣದಕಲ್ಲಿನ ಬಿರುಕುಗಳಲ್ಲಿ ತುಂಬಿದ್ದ ಜೇಡಿಯಿಂದ ಬುರುಡೆಗಳು ರಾಶಿಯಾಗಿ ಬಂದವು. ಯಾವುದು ಯಾವ ಬಿರುಕಿನದೆಂದು ಹೆಚ್ಚಿನವಕ್ಕೆ ಗುರುತೇ ಹಾಕಲಿಲ್ಲ. ಅಕ್ಕಪಕ್ಕದ ಎರಡು ಬಿರುಕುಗಳ ನಡುವೆ ಕೋಟಿ ವರ್ಷದ ಅಂತರ ಇರಬಹುದು! 1960ರ ದಶಕದ ನಂತರ ಮತ್ತೆ ಅಗೆದವರು ಪ್ರತಿ ಬಿರುಕಿನ ಮಣ್ಣನ್ನು ನೀರಿನಲ್ಲಿ ಜರಡಿ ಹಿಡಿದು, ಇಲಿಯಂಥ ಪ್ರಾಣಿಗಳ ಹಲ್ಲು ಹೆಕ್ಕಿ, ಅವುಗಳಿಂದ ಕಾಲ ಗುರುತಿಸಿದರು. ಹಳೆಯ ಸಂಗ್ರಹಗಳಿಗೆ ಆ ಅನುಕೂಲವಿಲ್ಲ.

ಕುಳಿಯನ್ನು ತೆರೆದು ನೋಡುವುದೂ ಸುಲಭವಲ್ಲ. ಅದರಲ್ಲಿ ಜೇಡಿ ಗಟ್ಟಿಯಾಗಿ ಕೂತಿರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಕೆದಕುವಾಗ ತುಸು ಜಾರಿದರೆ ತೆಳುಗೋಡೆ ಒಡೆಯುತ್ತದೆ. ಹೆಚ್ಚು ಕೆದಕಿದರೆ ಇಲ್ಲದ ಆಳ ಹುಟ್ಟುತ್ತದೆ. ಮೂಳೆ ಪುಡಿಯಾಗದಂತೆ ಹಚ್ಚುವ, ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಎಂಬ ಅಂಟು ದಪ್ಪವಾದರೆ ಕುಳಿಯೇ ಮುಚ್ಚಿಹೋಗುತ್ತದೆ. ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಮುಟ್ಟದೆಯೇ ಒಳಗನ್ನು ನೋಡಬಹುದು.

ಇಷ್ಟಾಗಿಯೂ ವಾದ ಮುಗಿದಿಲ್ಲ. ಇದೇ ಕುಳಿ ನೀರುನಾಯಿ-ಮಾರ್ಟನ್ ಕುಟುಂಬದ ಪ್ರಾಚೀನರಲ್ಲೂ ಇದೆ. ಅವರ ವಂಶದಲ್ಲಿ ಮುಂದೆ ಬಹುಮಟ್ಟಿಗೆ ಮುಚ್ಚಿಹೋಯಿತು. ಎರಡೂ ಕುಟುಂಬಗಳ ಸಮಾನ ಪೂರ್ವಜನಿಗೇ ಕುಳಿ ಇದ್ದಿದ್ದರೆ, ಅದನ್ನಷ್ಟೇ ನೋಡಿ ಕೆರ್ಸಿಯ ಪ್ರಾಣಿಯನ್ನು ರಕೂನ್ ಎನ್ನಲಾಗದು. ಈ ಆಕ್ಷೇಪ ಗಟ್ಟಿಯಾದದ್ದೇ.

ವಂಶವಾಹಿಗಳ ಅಧ್ಯಯನ ಇನ್ನಷ್ಟು ಕದಡಿತು. 1825ರಲ್ಲಿ ವಿವರಿಸಿದ, ಇಂದು ಸಿಕ್ಕಿಂನ ರಾಜ್ಯಪ್ರಾಣಿಯಾಗಿರುವ ಕೆಂಪು ಪಾಂಡಾ ಬಹುಕಾಲ ರಕೂನ್ ಕುಟುಂಬದಲ್ಲೇ ಇತ್ತು. ಈಗ ಅದಕ್ಕೆ ಪ್ರತ್ಯೇಕ ಮನೆ. ಮರದ ಮೇಲೆ ಹಣ್ಣು ತಿನ್ನುವ ಕಿಂಕಜೂ, ಒಲಿಂಗೊ ಒಡಹುಟ್ಟುಗಳಂತೆ ಕಂಡಿದ್ದವು. 2007ರ ಅಧ್ಯಯನದಲ್ಲಿ ಕಿಂಕಜೂ ಎಲ್ಲಕ್ಕಿಂತ ಮೊದಲು ಕವಲೊಡೆದಿತ್ತು. ಒಲಿಂಗೊ ಹೋಗಿ ಕೋವಾಟಿಯ ಪಕ್ಕ ಕೂತಿತು.

ದಕ್ಷಿಣ ಅಮೆರಿಕದ ಕಥೆ ಸ್ವಲ್ಪ ನಿಚ್ಚಳ. ಪನಾಮಾ ಭೂಸೇತುವೆ ಪೂರ್ತಿಯಾಗುವ ಮೊದಲೇ, ಸುಮಾರು 70 ಲಕ್ಷ ವರ್ಷಗಳ ಹಿಂದೆ, ರಕೂನ್ ಕುಟುಂಬದ ಸಯೋನಾಸುವಾ ಎಂಬ ಪ್ರಾಣಿ ಅಲ್ಲಿಗೆ ತಲುಪಿತ್ತು. ಅದೇ ಬಳಗದ ಚಪಲ್ಮಲಾನಿಯಾ ಎಷ್ಟು ದೊಡ್ಡದೆಂದರೆ, ಅದರ ಮೂಳೆಗಳನ್ನು ಮೊದಲು ಕರಡಿಯವೆಂದೇ ಎಣಿಸಿದ್ದರು.